ಚುಕ್ಕಿ

ಸರ್ವರ್ ಬಿದ್ದರೆ ಎತ್ತಬೇಕಾದವರು
ಬಿದ್ದಪ್ಪನವರೇ.
ಸಿದ್ದಾಪುರದ ಆಫೀಸಿನಲ್ಲಿ ಈ ಮಾತಿಗೆ
ಈಗ ಯಾರೂ ನಗುವುದಿಲ್ಲ, ಅವರೂ ಸಹ.

ಹದಿನಾಲ್ಕು ವರ್ಷದ ಪೋರ್ಟಲ್.
ಏಳು ಎಸ್ಟೇಟು, ಒಂದು ಕ್ಯೂರಿಂಗ್ ವರ್ಕ್ಸು,
ಹಾಜರಿ, ರಜೆ, ಬೋನಸ್ಸು, ಮೂಟೆ ಲೆಕ್ಕ
ಎಲ್ಲವೂ ಅದರ ಹೊಟ್ಟೆಯೊಳಗೆ.
ಪರದೆಯ ಮೇಲೆ ಒಂದು ಕೊಂಬು ತಿದ್ದಬೇಕೆಂದರೂ
ಇಡೀ ಗಂಟು ಬಿಚ್ಚಿ ಮತ್ತೆ ಕಟ್ಟಬೇಕು.
ಹನ್ನೊಂದು ನಿಮಿಷ.
ಹಾಗಾಗಿ ತಪ್ಪುಗಳು ಇದ್ದಲ್ಲೇ ಬೇರುಬಿಟ್ಟು
ಪದ್ಧತಿಗಳಾದವು.

ಹೊಸ ಹತಾರು ತಂದವಳು ನಾನು.
ನೋಡ್ ಅಂತ ಅದರ ಹೆಸರು ಅಂದೆ.
"ನೋಡಿದೆ, ಏನೂ ಕಾಣ್ತಾ ಇಲ್ಲ" ಅಂದರು ಬಿದ್ದಪ್ಪ.
ಸಾವಿರದ ಇನ್ನೂರು ಪ್ಯಾಕೇಜು ಇಳಿಯುತ್ತಿದ್ದವು,
ಎಂಟುನೂರಕ್ಕೆ ನಿಂತವು.
ಮಾಲ್ದಾರೆ ಕಡೆ ಆನೆಯೊಂದು ಬೈನೆ ಮರವನ್ನು
ಕೇಬಲ್ಲಿನ ಮೇಲೆ ಕೆಡವಿತ್ತಂತೆ.
ಉಳಿದವು ಮಾರನೆಯ ದಿನ ಊಟದ ಹೊತ್ತಿಗೆ ಬಂದವು.

ಹಳೆಯದನ್ನು ಕಡಿಯಲಿಲ್ಲ.
ಹಾಲವಾಣಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ
ಅದರ ಮೈಗೇ ಕಟ್ಟಿದೆ.
ಲಾಗಿನ್ನು, ಅನುಮತಿ, ಮೆನು ಎಲ್ಲ ಮರದವು,
ಎಲೆ ಮಾತ್ರ ನನ್ನವು.
ಈಗ ಸೇವ್ ಒತ್ತಿ ಬೆರಳು ಎತ್ತುವ ಮೊದಲೇ
ಬ್ರೌಸರಿನಲ್ಲಿ ಬಣ್ಣ ಬದಲಾಗಿರುತ್ತದೆ.
ಬಿದ್ದಪ್ಪ ನಾಲ್ಕು ಸಲ ಮಾಡಿಸಿ ನೋಡಿದರು:
ನೀಲಿ, ಹಸಿರು, ನೀಲಿ, ಹಸಿರು.
ಏನೂ ಹೇಳದೆ ತಮ್ಮ ಕುರ್ಚಿಗೆ ಹೋದರು.

ಜನವರಿ. ರೋಬಸ್ಟಾ ಕೊಯ್ಲು.
ತೂಕದ ಕಟ್ಟೆಯ ಸುಲೈಖಾ ಹೊಸ ಪರದೆ ನೋಡಲು ಬಂದಳು.
"ಚೆಂದ ಉಂಟು" ಅಂದಳು. ಆಮೇಲೆ,
"ಈ ಚುಕ್ಕಿ ಮಾತ್ರ ಹೋಗ್ಲಿಲ್ವಾ?"

ತಂದೆ ಅಥವಾ ಗಂಡನ ಹೆಸರು.
ಪಕ್ಕದಲ್ಲಿ ಕೆಂಪು ಚುಕ್ಕಿ, ತುಂಬಲೇಬೇಕು.
ತುಂಬದಿದ್ದರೆ ಆ ದಿನದ ಹಣ್ಣು ತೂಗಿದ್ದೂ ತೂಗಿದಂತಲ್ಲ.
"ನಮ್ಮ ಬೋಜಿ ಆ ಹೆಸರು ಹೇಳುವುದಿಲ್ಲ.
ನಾನು ಕೇಳುವುದೂ ಇಲ್ಲ.
ಅಲ್ಲೊಂದು ಚುಕ್ಕಿ ಒತ್ತಿ ಮುಂದೆ ಹೋಗ್ತೇನೆ.
ಒಂಬತ್ತು ವರ್ಷ ಆಯ್ತು."
ವಾರದ ಕೂಲಿ ಚೀಟಿಯಲ್ಲಿ ಅಚ್ಚಾಗುತ್ತದಂತೆ,
ಬೋಜಿ ಕೋಂ, ಆಮೇಲೆ
ಒಂದು ಚುಕ್ಕಿ.

ಒಂದೇ ಪದ ಅಳಿಸಿದೆ. ಸೇವ್.
ಕೆಂಪು ಮಾಯ.
ಸುಲೈಖಾ ಚಪ್ಪಾಳೆ ತಟ್ಟಿ, ಜಾಗ ಖಾಲಿ ಬಿಟ್ಟು,
ತಾನೇ ಗುಂಡಿ ಒತ್ತಿದಳು.
"ಕಡ್ಡಾಯ ಮಾಹಿತಿ ಬಿಟ್ಟುಹೋಗಿದೆ"
ಆ ಹಳೆಯ ದಪ್ಪ ಅಕ್ಷರಗಳಲ್ಲಿ,
ಒಳಗಿನಿಂದ, ಮರದಿಂದ.

ಎಲೆಗೆ ಎಷ್ಟು ಅಧಿಕಾರ ಅಂತ ಗೊತ್ತಾಯಿತು.

ಬಿದ್ದಪ್ಪನವರು ಹುಡುಕಲಿಲ್ಲ, ನೇರ ಆ ಫೈಲಿಗೇ ಹೋದರು.
ಸಾಲಿನ ಮೇಲೆ ಅವರದೇ ಟಿಪ್ಪಣಿ:
ತಾತ್ಕಾಲಿಕ. ಮುಂದಿನ ವಾರ ಕೇಳಿ ತೆಗೆಯುವುದು.
ಯಾರನ್ನು ಕೇಳುವುದೆಂದು ಬರೆದಿರಲಿಲ್ಲ.
"ಹದಿನಾಲ್ಕು ವರ್ಷದ ಮುಂದಿನ ವಾರ"
ಅಂದರು, ನಮಗಲ್ಲ.
ಅಳಿಸಿದರು. ಬಿಲ್ಡ್ ಹಚ್ಚಿದರು.

ಹನ್ನೊಂದು ನಿಮಿಷ.
ನನ್ನ ಯಾವ ಹತಾರೂ ಅದನ್ನು ಹತ್ತಕ್ಕೆ ಇಳಿಸದು.
ಮೇಜಿನ ಖಾನೆಯಿಂದ ಕಿತ್ತಳೆ ತೆಗೆದು ಸುಲಿದರು,
ಹಿತ್ತಿಲ ಮರದ್ದು, ಸೊರಗಿದ ಹಣ್ಣು, ಬೀಜವೇ ಜಾಸ್ತಿ.
ಮೂವರೂ ತಿಂದೆವು.
ಬೇರೆ ಕೆಲಸವಿಲ್ಲದೆ ಬೀಜ ಎಣಿಸಿದೆವು.
ಇಪ್ಪತ್ತಮೂರು.
ಸುಲೈಖಾ ಕಾಗದದಲ್ಲಿ ಕಟ್ಟಿಕೊಂಡಳು.

ಸಂಜೆ ಐದಕ್ಕೆ ಕಟ್ಟೆಯಿಂದ ಮೊದಲ ದಾಖಲೆ:
ಬೋಜಿ. ತೊಂಬತ್ತೆರಡು ಕಿಲೋ.
ಹೆಸರಿನ ಮುಂದೆ ಏನೂ ಇಲ್ಲ.

ಆ ಏನೂ ಇಲ್ಲದ್ದು
ಸರಿಯಾಗಿ ಬಂದಿದೆಯೋ ಎಂದು
ನಾನು ಎರಡು ಸಲ ರಿಫ್ರೆಶ್ ಮಾಡಿದೆ.
ಹೊಸ ಹತಾರಿನಲ್ಲಿ ಅದರ ಅಗತ್ಯವೇ ಇಲ್ಲ.