ತುಂಬು

ಇಪ್ಪತ್ತೆಂಟು ವರ್ಷ ಆತು, ಬ್ಯಾಡಗಿ ಪ್ಯಾಟ್ಯಾಗ
ಮೆಣಸಿನಕಾಯಿ ತುಂಬು ಮುರಿಯಾಕ ಹತ್ತಿ.
ಡಬ್ಬಿ ಇರ್ಲಿ, ಕಡ್ಡಿ ಇರ್ಲಿ,
ಹೆಬ್ಬೆಟ್ಟಿನ ಉಗುರು ಒತ್ತಿದ್ರ ಟಕ್ ಅಂತ ಬರತೈತಿ.
ಕಾಯಿ ಒಡೀಬಾರ್ದು, ಬೀಜ ಚೆಲ್ಲಬಾರ್ದು.
ಇಷ್ಟ ನನ್ನ ವಿದ್ಯೆ.

ತಲಿ ತಿರಗತಿತ್ತು. ರಕ್ತ ಕಮ್ಮಿ ಅಂದ್ರು.
ಕಬ್ಬಿಣದ ಗುಳಿಗಿ ನುಂಗಿದ್ದಾತು, ಬೆಲ್ಲ ತಿಂದದ್ದಾತು,
ಕಡೀಕ ಹುಬ್ಬಳ್ಳಿ.
ಮೊದಲನೇ ಸಲ ಒಂದು ಚೂರು ಚಿವುಟಿ ಲ್ಯಾಬಿಗೆ ಕಳಸಿದ್ರು.
‘ಕ್ಯಾನ್ಸರ್ ಅಲ್ಲ ಫಕೀರವ್ವಾ,
ಆದ್ರ ಅದರ ಮನಸಿನ್ಯಾಗ ಐತಿ’ ಅಂದ್ಲು ಡಾಕ್ಟರಮ್ಮ.
ಖಾರದ ಘಾಟಿಗೆ ಬಂತೇನ್ರಿ?
‘ಮೆಣಸಿನಕಾಯಿಗ್ಯಾಕ ಬೈತಿ, ಹೊಟ್ಟ್ಯಾಗೊಂದು ಹುಳ ಇತ್ತು,
ಹದಿನಾಲ್ಕು ದಿನ ಗುಳಿಗಿ ತಗೋ.’
ಅವತ್ತ ರಾತ್ರಿ ಚಲೋ ನಿದ್ದಿ ಬಂತು.
ಅನ್ನ ಕೊಟ್ಟದ್ದು ವೈರಿ ಆಗಿರಲಿಲ್ಲ.

ಎರಡನೇ ಸಲ, ಮುಂಜಾನಿ ಗಾಡಿ, ಬರೇ ಹೊಟ್ಟಿ.
ಎದುರು ಕುಂತ ಹುಡುಗಿ ಗಿರ್ಮಿಟ್ ತಿನ್ನಾಕತ್ತಿದ್ಲು,
ನಾ ಕಿಡಕಿ ಕಡೆ ಮುಖ ಮಾಡಿದೆ.

ಗಂಟಲಿಗೆ ಔಷಧ ಹೊಡದ್ರು, ನಾಲಿಗಿ ಯಾರದೋ ಅನಿಸ್ತು.
ಎಡ ಮಗ್ಗಲಾ ಮಲಗು, ಕಚ್ಚಬ್ಯಾಡ, ಉಸಿರು ಬಿಡು.
ಕರೇ ಕೊಳವಿ ಒಳಗ ಇಳೀತು, ತುದ್ಯಾಗ ದೀಪ.
ನನ್ನ ಹೊಟ್ಟ್ಯಾಗ ಯಾರೂ ದೀಪ ಹಚ್ಚಿದ್ದಿಲ್ಲ, ಇಲ್ಲೀತನ.

ಟೀವ್ಯಾಗ ಕಂಡ್ತು:
ಕೆಂಪನ್ನ ಗೋಡಿ, ಮಡಿಕಿ ಮ್ಯಾಲ ಮಡಿಕಿ,
ನಡುವ ಒಂದು ಕಾಯಿ,
ತುಂಬಿನ ಮ್ಯಾಲ ತೂಗಾಕತ್ತಿತ್ತು.
ನೋಡಿದ ಕೂಡಲೇ ಗುರ್ತು ಹಿಡಿದೆ.

ತಂತಿ ಕುಣಿಕಿ ಬಂತು, ತಪ್ಪಿತು, ಮತ್ತ ಬಂತು.
ಬಾಯಾಗ ಆ ಪ್ಲಾಸ್ಟಿಕ್ ಇಲ್ಲದಿದ್ರ ಹೇಳ್ತಿದ್ದೆ:
ಇನ್ನೂ ಕೆಳಗ, ತಾಯಿ, ಬುಡಕ್ಕ ಹಿಡಿ,
ತುಂಬು ಉಳೀಬಾರ್ದು.
ಅಕಿಗೂ ಗೊತ್ತಿತ್ತು. ಬುಡಕ್ಕ ಕುಂತ್ತು, ಬಿಗೀತು,
ಟಕ್ ಅನ್ನಲಿಲ್ಲ.
ಒಂಚೂರು ಬಿಳಿ ಹೊಗಿ, ಅಷ್ಟ.

ಬಾಟ್ಲ್ಯಾಗ ತೋರಿಸಿದ್ಲು: ಬಟಾಣಿ ಕಾಳಿನಷ್ಟು.
ಇದಕ್ಕ ಇಷ್ಟು ದಿನ ರಕ್ತ ಕೊಟ್ಟೆನೇನು?
ಬುಡ ಸ್ವಚ್ಛ ಐತಿ ಅಂತ ಆಮ್ಯಾಲ ಕಾಗದ ಬಂತು.
ಆದ್ರೂ ವರ್ಷಕ್ಕೊಮ್ಮೆ ಬರಬೇಕಂತ,
ನೆಲ ಹದಗೆಟ್ಟೈತಿ, ಮತ್ತ ಎಲ್ಲ್ಯರ ಚಿಗತ್ರ?
ಆ ಚೀಟಿ ತೂಕದ ಚೀಟಿ ಸಂಗಾಟ
ಕುಬಸದಾಗ ಇಟಗೊಂಡೀನಿ.

ಈಗ ಒಮ್ಮೊಮ್ಮೆ ಮುರದ ಕಾಯಿ ಎತ್ತಿ
ಬೆಳಕಿಗೆ ಹಿಡಿತೀನಿ.
ಪಕ್ಕದಾಗ ಖಾತೂನಬಿ ಬೈತಾಳ:
‘ಹಿಂಗ ನೋಡ್ಕೋತ ಕುಂತ್ರ ಹತ್ತು ಕಿಲೋನೂ ಆಗೂದಿಲ್ಲ.
ಅದ್ರಾಗ ಏನ ಐತೆ ನೋಡಾಕ?’
ಏನಿಲ್ಲವಾ.
ಬುಡ.