ಎಷ್ಟು ತಣ್ಣಗಿತ್ತು

ಬಳ್ಳಾರಿಯ ಬೇಸಿಗೆ ಕಣ್ಣು ಬಿಡುವ ಹೊತ್ತಿಗೆ
ನಾನು ಮಡಕೆಯನ್ನು ಬೋರಲು ಹಾಕಿದೆ.
ಒಡದೈತೇನು? ಕೇಳಿದಳು ಪಕ್ಕದ ಮನೆ ರಜಿಯಾಬಿ.
ಇಲ್ಲ, ಮಡಕೆಗೇನೂ ಆಗಿಲ್ಲ.

ಈ ಔಷಧಿ ಮೈಗಿಳಿದ ಮೇಲೆ
ತಣ್ಣಗಿದ್ದದ್ದೆಲ್ಲ ಅವನಿಗೆ ಮುಳ್ಳು.
ಮೊದಲ ಸಲ, ಒಂದೇ ಗುಟುಕು ಮಡಕೆ ನೀರಿಗೆ
ಗಂಟಲು ಬಿಗಿದು ಗೋಡೆ ಹಿಡಿದು ನಿಂತುಬಿಟ್ಟ.
ನರ್ಸು ಫೋನಿನಲ್ಲಿ ನಿಧಾನಕ್ಕೆ ಹೇಳಿದಳು:
ಬಿಸಿನೀರು ಕೊಡ್ರಿ, ಉಸಿರು ನಿಲ್ಲಂಗಿಲ್ಲ,
ಹಂಗ ಅನಸ್ತದ ಅಷ್ಟ.
ಹಂಗ ಅನಸ್ತದ ಅಷ್ಟ.
ಆಮೇಲೆ ಈ ಮಾತನ್ನು ಎಷ್ಟಕ್ಕೆಲ್ಲ ಬಳಸಿದೆನೋ.

ಗಾದಿಲಿಂಗ, ಕಟಿಂಗ್ ಮಾಸ್ತರ.
ಅರವತ್ತು ಪದರ ಜೀನ್ಸ್ ಬಟ್ಟೆ ಒಂದರ ಮೇಲೊಂದು ಹಾಸಿ
ಸೀಮೆಸುಣ್ಣದ ಗೆರೆಗುಂಟ ಮಿಷಿನ್ ಓಡಿಸಿದನೆಂದರೆ
ಅರವತ್ತನೆಯ ಕಾಲೂ ಮೊದಲನೆಯದರ ಹಾಗೇ ಇರುತ್ತಿತ್ತು.
ಈಗ ಅವನ ಅಂಗಿ ಗುಂಡಿ ನಾನು ಹಾಕುತ್ತೇನೆ.
ಬೆರಳ ತುದಿಯಾಗ ಇರುವೆ ಸಾಲು, ಅನ್ನುತ್ತಾನೆ,
ಹೋಗ್ತಾವ, ಬರ್ತಾವ, ಗೂಡು ಸಿಗವಲ್ದು.

ಬಾಗಿಲ ಚಿಲಕ, ಬಕೆಟ್ಟಿನ ಹಿಡಿ, ಸ್ಟೀಲ್ ಲೋಟ,
ಸೈಕಲ್ ಹ್ಯಾಂಡಲ್, ಅವನ ಕತ್ತರಿ,
ಯೂನಿಟ್ಟಿನಿಂದ ಚಿಂದಿ ತಂದು ಒಂದೊಂದಕ್ಕೂ ಸುತ್ತಿದೆ.
ಮನೆಯೆಲ್ಲ ನೀಲಿ ಪಟ್ಟಿ ಕಟ್ಟಿಕೊಂಡು
ಗಾಯವಾದದ್ದು ತನಗೇ ಎನ್ನುವ ಹಾಗೆ ಕೂತಿತು.

ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆ.
ಅದು ಅಲ್ಲಿಗೇ ಮುಗಿಯುವುದಿಲ್ಲ; ಕೊಳವೆ ಸಮೇತ ಒಂದು ಬಾಟಲಿ
ಅವನ ಜೊತೆ ಮನೆಗೆ ಬರುತ್ತದೆ, ಎರಡು ದಿನದ ನೆಂಟ.
ಅವರು ಕೊಟ್ಟ ಚೀಲದ ದಾರ ಕುತ್ತಿಗೆ ಕೊಯ್ಯುತ್ತಿತ್ತು.
ಊಟದ ಬಿಡುವಿನಲ್ಲಿ ನಾನೊಂದು ಜೇಬು ಹೊಲಿದೆ:
ಡಬಲ್ ಸೂಜಿ, ಹಳದಿ ದಾರ, ಮೂಲೆಗೊಂದು ತಾಮ್ರದ ಗುಂಡಿ.
ಎಕ್ಸ್‌ಪೋರ್ಟ್ ಮಾಲಿಗೂ ಅಷ್ಟು ಜೋಪಾನ ಮಾಡಿದವಳಲ್ಲ.
ತಿರುಗಿಸಿ ಮುರುಗಿಸಿ ನೋಡಿ ಅವನೆಂದ,
ಎಡಗಡೆ ಹೊಲಿಗಿ ಅರ್ಧ ನೂಲು ಓರೆ.
ಆವತ್ತು ನನಗೆ ಅನ್ನ ಸೇರಿತು.

ಪ್ಯಾಂಟಿನ ಸೊಂಟ ಮೂವತ್ತಾರರಿಂದ ಮೂವತ್ತಕ್ಕೆ ಬಂತು.
ಮೂರು ಸಲ ಹಿಡಿದೆ.
ಹೆಚ್ಚಾದ ಬಟ್ಟೆ ಕತ್ತರಿಸಲಿಲ್ಲ, ಮಡಚಿ ಒಳಗೇ ಬಿಟ್ಟೆ.
ಅವನಿಗೆ ಗೊತ್ತಾಗಿರಬೇಕು.
ಬಟ್ಟೆಯ ಲೆಕ್ಕ ಅವನಿಗೆ ತಪ್ಪಿದ್ದೇ ಇಲ್ಲ.

ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಒಮ್ಮೆಯೂ ಹೇಳಿಲ್ಲ.
ಏಳು ಆತಲ್ಲ ಸರ್, ಇನ್ನೆಷ್ಟು ಎಂದರೆ
ರೋಗ ಮಾತು ಕೇಳೋತನಕ ಕೊಡೋಣಮ್ಮಾ, ಅಂದರು,
ಹಟಮಾರಿ ಹುಡುಗನ ಬಗ್ಗೆ ಸಾಲಿ ಮಾಸ್ತರು ಅಂದ ಹಾಗೆ.

ಇದನ್ನೂ ಹೇಳಬೇಕು.
ಕಳೆದ ಸಲ, ಅವನಿಗೆ ಔಷಧಿ ಹತ್ತಿಸಿದ ಮೇಲೆ
ಎದುರಿನ ಗೂಡಂಗಡಿಗೆ ಹೋದೆ.
ಐಸ್ ಪೆಟ್ಟಿಗೆಯಿಂದ ತೆಗೆದ ಗೋಲಿ ಸೋಡ,
ಬಾಟಲಿಯ ಮೈಯೆಲ್ಲ ಬೆವರು.
ಗುಡ್ಡದ ಬಂಡೆ ರಾತ್ರಿಯಿಡೀ ಕಾವು ಕಾರುವ ಈ ಊರಲ್ಲಿ
ಮೂರು ತಿಂಗಳು ಅವನ ಜೊತೆ ಕಾಸಿದ ನೀರೇ ಕುಡಿದವಳು,
ಗೋಲಿ ಒತ್ತಿದ ಸದ್ದಿಗೆ ಕಳ್ಳಿಯ ಹಾಗೆ ಹಿಂದೆ ನೋಡಿದೆ.
ಕುಡಿದೆ. ಇನ್ನೊಂದು ಕುಡಿದೆ.
ಆ ಐದು ನಿಮಿಷ ನನಗೆ ಗಂಡನಿರಲಿಲ್ಲ.

ವಾಪಸು ಬಂದಾಗ ಎಚ್ಚರವಿದ್ದ.
ನನ್ನ ತುಟಿ ನೋಡಿದ, ಸೆರಗಿನ ಒದ್ದೆ ನೋಡಿದ.
ನಾನು ನೆಲ ನೋಡುತ್ತ ನಿಂತೆ.
ಕುಂದ್ರು ಇಲ್ಲಿ ಸುಂಕಮ್ಮ, ಅಂದ,
ಎಷ್ಟು ತಣ್ಣಗಿತ್ತು, ಹೇಳು.

ಹೇಳಿದೆ.
ಮೊದಲು ಹಲ್ಲಿಗೆ ತಾಕಿದ್ದು, ಜುಮ್ಮೆಂದು ಮೂಗಿಗೇರಿದ್ದು,
ಎದೆಯ ನಡುವೆ ಒಂದು ದಾರದ ಹಾಗೆ ಇಳಿದದ್ದು,
ಹೊಟ್ಟೆಗೆ ಹೋಗಿ ಹರಡಿದ್ದು.
ಅವನು ಕಣ್ಣು ಮುಚ್ಚಿ ಗುಟುಕರಿಸಿದ.
ಉಪ್ಪು ಹಾಕಿಸಿದ್ದೇನು?
ಹೂಂ.
ನಿಂಬಿಹಣ್ಣು?
ಅರ್ಧ.
ಪೂರ್ತಿ ಹಿಂಡಿಸಬೇಕಿತ್ತು, ಅಂದ.

ನಾಳೆ ಎಂಟನೆಯದು.
ಈಗಲೇ ಚಿಲ್ಲರೆ ಎಣಿಸಿ, ಒಂದು ತುಂಡು ನೀಲಿ ಚಿಂದಿಯಲ್ಲಿ ಕಟ್ಟಿ
ನನ್ನ ದಿಂಬಿನ ಬಳಿ ಇಟ್ಟಿದ್ದಾನೆ,
ಪೂರ್ತಿ ನಿಂಬೆಗೆ ಸಾಲುವಷ್ಟು.