ಸೀಟ್‌ಬೆಲ್ಟ್ ಬಿಚ್ಚಿಡಿ

ಹೊರಡುತ್ತೇನೆ ಎಂದಾಗ ಮೂರು ಸಲ ಕೇಳಿತು:
ನಿಜವಾಗಿಯೂ? ಖಂಡಿತವಾಗಿಯೂ? ಯಾಕೆ?
ಯಾಕೆ ಎಂಬುದಕ್ಕೆ ಏಳು ಉತ್ತರ ಅದೇ ಬರೆದಿಟ್ಟಿತ್ತು,
ನನ್ನದು ಅದರಲ್ಲಿರಲಿಲ್ಲ. ‘ಇತರೆ’ ಒತ್ತಿದೆ.

ಆಮೇಲೆ ಐದು ಮುಖ ಸಾಲಾಗಿ ನಿಲ್ಲಿಸಿತು,
ಇವರೆಲ್ಲ ನಿಮ್ಮನ್ನು ನೆನೆದು ಕೊರಗುತ್ತಾರೆ ಎಂದು.
ಮೂರನೆಯದು ಉರ್ಮಸ್, ನನ್ನ ತಮ್ಮ.
ದೋಣಿಯ ಅಂಚಿಗೆ ಕೈಯೂರಿ ನಗುತ್ತಾನೆ, ಕಣ್ಣಿಗೆ ಬಿಸಿಲು.
ಮಾರ್ಚ್ ಬಂದರೆ ಅವನು ತೀರಿ ಎರಡು ವರ್ಷ.

ಸತ್ತವರನ್ನೂ ಬಾಗಿಲು ಕಾಯಲು ನಿಲ್ಲಿಸುವ ಮನೆ.

ಹನ್ನೊಂದು ವರ್ಷ ಇದ್ದೆ ಅಲ್ಲಿ. ಯಾರೂ ಬಾಡಿಗೆ ಕೇಳಲಿಲ್ಲ,
ನನ್ನನ್ನೇ ಬಾಡಿಗೆಗೆ ಬಿಟ್ಟಿದ್ದರೆಂದು ತಿಳಿಯಲು ತಡವಾಯಿತು.
ನಾಲ್ಕು ಸಾವಿರ ಜನ ನನ್ನ ಹಿಂದೆ;
ಹಾಪ್ಸಾಲುವಿನಲ್ಲಿ ಶಾಲು ಹೆಣೆಯುವವಳಿಗೆ
ಅಷ್ಟು ಜನ ಏತಕ್ಕೆ?
ಅಂಚಿನ ಒಂದು ಗಂಟಿನ ಬಗ್ಗೆ ಬರೆದೆ ಒಮ್ಮೆ.
ಸಂಜೆಯೊಳಗೆ ಇಬ್ಬರು ಜಗಳಕ್ಕೆ ಬಿದ್ದರು,
ಮೂರನೆಯವ ನನ್ನ ತಾಯಿಯನ್ನು ಬೈದ,
ಅದರ ಕೆಳಗೆ ಚಪ್ಪಲಿಯ ಜಾಹೀರಾತು.
ಮಾತೆಂದರೆ ಬೆಂಕಿಕಡ್ಡಿ,
ಗೀರುವವರಿಗೆ ಬೆಳಕು ಬೇಕಿರಲಿಲ್ಲ.

ಈಗಿರುವ ಕಡೆ ಮೂವತ್ತೇಳು ಮಂದಿ.
ಹೀಯುಮಾ ದ್ವೀಪದ ತಾರ್ಮೋ ಎಂಬವನ ಹಿತ್ತಿಲಲ್ಲಿ,
ಹಬೆಸ್ನಾನದ ಸೌನಾದ ಹೊರಕೋಣೆ, ಸೌದೆಯ ಪಕ್ಕ,
ಹಳೆಯ ಕಂಪ್ಯೂಟರೊಂದು ನಮ್ಮನ್ನೆಲ್ಲ ಹೊತ್ತು ಕೂತಿದೆ.
ಶನಿವಾರ ಒಲೆ ಹೊತ್ತಿಸಿದರೆ ಅದಕ್ಕೂ ಬೆವರು;
‘ಎಂಟರಿಂದ ಹತ್ತು ಕದ ಮುಚ್ಚಿದೆ, ಸ್ನಾನ ನಡೆದಿದೆ’
ಎಂದೊಂದು ಚೀಟಿ.

ಮೊದಲ ದಿನ ಬರೆದೆ: ಕೊಲ್ಲಿಯ ಮಂಜುಗಡ್ಡೆ ಹಾಡುತ್ತಿದೆ.
ಯಾರೂ ಏನೂ ಅನ್ನಲಿಲ್ಲ.
ಹಳೆಯ ಚಟ. ಹಾಲು ಕಾಯುವಷ್ಟರಲ್ಲಿ ನಾಲ್ಕು ಸಲ,
ನಡುರಾತ್ರಿ ಎದ್ದು ಒಮ್ಮೆ ನೋಡಿದೆ. ಸೊನ್ನೆ.
ಬತ್ತಿದ ಬಾವಿಗೆ ಕೊಡ ಬಿಟ್ಟವಳ ನಾಚಿಕೆ.
ಎರಡನೆಯ ರಾತ್ರಿ ಲೇಲೊ ಎಂಬಾಕೆ, ಎಲ್ಲಿಯವಳೋ, ಕೇಳಿದಳು:
‘ಯಾವ ಶ್ರುತಿಯಲ್ಲಿ?’

ಕೋಟು ಹೊದ್ದು ದಡಕ್ಕೆ ಹೋದೆ.
ಕಿವಿ ಮರಗಟ್ಟುವ ತನಕ ನಿಂತೆ.
ದಪ್ಪ ಕೊಳವೆಯಲ್ಲಿ ಯಾರೋ ಊದಿದ ಹಾಗೆ, ಎಂದು ಬರೆದೆ. ತಗ್ಗು.
‘ಹಾಗಾದರೆ ಗಟ್ಟಿಯಾಗುತ್ತಿದೆ’ ಎಂದಳು.
ಆ ವಾರದ ಮಾತು ಅಷ್ಟೇ.

ಸ್ವರ್ಗ ಎನ್ನಲಾರೆ. ರೇಯ್ನ್‌ಗೆ ಅಣಬೆ ಬಿಟ್ಟು ಲೋಕವಿಲ್ಲ,
ಅವನ ಹಾಸ್ಯಕ್ಕೆ ಉಳಿದ ಮೂವತ್ತಾರೂ ಸುಸ್ತು.
ಮುನಿಸಿಕೊಂಡರೆ ಅಡಗಲು ಗುಂಪಿಲ್ಲ;
ನಿನ್ನೆ ಚುಚ್ಚಿದ ಮಾತು ಇವತ್ತೂ ಮೇಜಿನ ಮೇಲೇ,
ನಾನೇ ಎತ್ತಿ ತೊಳೆಯಬೇಕು.

ಫೆಬ್ರವರಿಯಲ್ಲಿ ಡಿಸ್ಕ್ ಸತ್ತಿತು. ನಾಲ್ಕು ದಿನ ಕತ್ತಲೆ.
ತಾರ್ಮೋ ಫೋನು ಮಾಡಿದ, ದನಿ ಕೇಳಿದ್ದು ಅದೇ ಮೊದಲು:
ನಿಮ್ಮೂರ ಅಂಗಡಿಯಲ್ಲಿ ಹೊಸದು ಸಿಗುತ್ತದಂತೆ. ತರುತ್ತೀರಾ?

ಆ ವರ್ಷ ಸಮುದ್ರದ ಮೇಲೆ ದಾರಿ ತೆರೆದಿತ್ತು.
ದಡದಲ್ಲಿ ಹಲಗೆ: ಸೀಟ್‌ಬೆಲ್ಟ್ ಬಿಚ್ಚಿಡಿ.
ಮುಂದಿನ ಕಾರಿಗೆ ಇನ್ನೂರೈವತ್ತು ಮೀಟರು ಬಿಡಿ.
ಎಲ್ಲೂ ನಿಲ್ಲಬೇಡಿ.
ಬೇರೆಲ್ಲ ರಸ್ತೆಯಲ್ಲಿ ಕಟ್ಟಿಕೊಂಡವರು ಬದುಕುತ್ತಾರೆ,
ಇಲ್ಲಿ ಬಿಚ್ಚಿಕೊಂಡವರು.

ಅರ್ಧ ಹೆಣೆದ ಶಾಲಿನಲ್ಲಿ ಡಿಸ್ಕ್ ಸುತ್ತಿ
ಪಕ್ಕದ ಸೀಟಿನಲ್ಲಿಟ್ಟೆ.
ಉರ್ಮಸ್ ದೋಣಿ ತಿರುಗಿಸುತ್ತಿದ್ದ ನೀರು
ಚಕ್ರದ ಕೆಳಗೆ ನರಳಿತು.
ಅವನ ಆ ಚಿತ್ರ ನಾನು ತರಲಿಲ್ಲ.
ಅಲ್ಲೇ ಇರಲಿ ಎಂದೆನೋ, ಮರೆತೆನೋ,
ಬಿಸಿಲಿಗೆ ಕಣ್ಣು ಕಿರಿದಾಗಿಸಿ ಈಗ
ಇನ್ನಾರನ್ನು ತಡೆಯುತ್ತಿದ್ದಾನೋ.

ಕದ ತೆರೆದವನು ಕೈಕುಲುಕಲಿಲ್ಲ.
ಶಾಲು ನೋಡಿದ, ನನ್ನ ಬೂಟು ನೋಡಿದ,
ದಾರಿ ಹೇಗಿತ್ತು ಎಂದ.

ತಗ್ಗು ಶ್ರುತಿ, ಎಂದೆ.